ಮೊಣಕಾಲುದ್ದದ ಉಪ್ಪುನೀರಿನಲ್ಲಿ ಬೇಸಿಗೆಯ ಗಾಳ

ಮರಳುದಿಬ್ಬದ ಮರೆಯಲ್ಲಿ ನಿಂತು, ಕಿರಿದಾದ ಅಳಿವೆಯ ಮೂಲಕ ಮಾತ್ರ ಸಮುದ್ರದೊಂದಿಗೆ ನಂಟು ಉಳಿಸಿಕೊಂಡ ಉಪ್ಪುನೀರಿನ ಹರವೇ ಲಗೂನ್. ಅಲ್ಲಿ ಅಲೆಯ ಅಬ್ಬರವಿಲ್ಲ, ದೋಣಿಯೂ ಬೇಕಿಲ್ಲ, ಮೊಣಕಾಲವರೆಗೆ ಇಳಿದರೆ ಸಾಕು. ಹಾಗೆಂದು ಹಗುರವಾಗಿ ತೆಗೆದುಕೊಂಡವರು ಬರಿಗೈಯಲ್ಲಿ ಮರಳುತ್ತಾರೆ. ನಾನೂ ಹಲವು ಸಲ ಮರಳಿದ್ದೇನೆ. ನಮಗೆ ಮೀನು ಕಾಣುವ ಮೊದಲೇ ಮೀನಿಗೆ ನಮ್ಮ ಸುಳಿವು ಸಿಕ್ಕಿರುತ್ತದೆ. ಈ ವಿದ್ಯೆಯಲ್ಲಿ ಮುಕ್ಕಾಲು ಪಾಲು ಕಾಲಿನದು, ಉಳಿದ ಕಾಲು ಪಾಲಷ್ಟೇ ಕೈಯದು.

ಮೊದಲು ಹೊತ್ತು ಗೊತ್ತುಮಾಡಿಕೊಳ್ಳಿ. ನೀರು ಕಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಇಳಿಯುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನ ಸಮುದ್ರದ ನೀರು ಲೀಟರಿಗೆ ಸುಮಾರು 7.4 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಅದು 6.2ರ ಆಸುಪಾಸಿಗೆ ಬರುತ್ತದೆ. ಮಧ್ಯಾಹ್ನ ಮೀನುಗಳು ಆಳದ ಕಾಲುವೆ ಸೇರುವುದಕ್ಕೆ ಇದೂ ಒಂದು ಕಾರಣ. ನಸುಕಿನಲ್ಲಿ ನೀರು ತಂಪು, ನಿಜ. ಆದರೆ ಕಡಲಹುಲ್ಲು ದಟ್ಟವಾಗಿರುವ ನಿಂತ ನೀರಿನಲ್ಲಿ ರಾತ್ರಿಯಿಡೀ ಸಸ್ಯಗಳೂ ಉಸಿರಾಡಿರುವುದರಿಂದ ಆಮ್ಲಜನಕ ಅತಿ ಕಡಿಮೆ ಇರುವುದೂ ಅದೇ ವೇಳೆಗೆ. ಆದ್ದರಿಂದ ಬೆಳಗಿನ ಜಾವ ಅಳಿವೆಯ ಹತ್ತಿರ, ನೀರು ಹರಿದಾಡುವ ಕಡೆ ನಿಲ್ಲುವುದು ಮೇಲು.

ಗಡಿಯಾರಕ್ಕಿಂತ ಉಬ್ಬರವಿಳಿತವನ್ನು ನಂಬಿ. ಅದು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಉಬ್ಬರವಿಳಿತದ ವೇಳಾಪಟ್ಟಿಯಲ್ಲಿ ಕೊಟ್ಟಿರುವುದು ಸಾಮಾನ್ಯವಾಗಿ ತೆರೆದ ಕರಾವಳಿಯ ಸಮಯ. ಕಿರಿದಾದ ಬಾಯಿ ದಾಟಿ ಲಗೂನಿನ ಒಳಮೂಲೆ ತಲುಪಲು ನೀರಿಗೆ ಇನ್ನಷ್ಟು ಹೊತ್ತು ಬೇಕು. ಎಷ್ಟು ಎಂಬುದನ್ನು ತಿಳಿಯಲು ನೀರಿನಂಚಿನಲ್ಲಿ ಕಡ್ಡಿಯೊಂದನ್ನು ನೆಟ್ಟು ಒಂದು ದಿನ ಕಾದು ನೋಡಿದರಾಯಿತು. ನೀರು ಏರುವಾಗ ಸಿಗಡಿ, ಏಡಿಗಳನ್ನು ಹುಡುಕುತ್ತಾ ಮೀನು ದಿಣ್ಣೆಯ ಮೇಲೆ ಬರುತ್ತದೆ. ಇಳಿಯುವಾಗ ಸಣ್ಣ ತೋಡುಗಳು ಕಾಲುವೆಗೆ ಸೇರುವ ಬಾಯಲ್ಲಿ ಕಾದಿರುತ್ತದೆ. ತಿಂಡಿ ತಾನಾಗಿಯೇ ತೇಲಿಬರುತ್ತದಲ್ಲ!

ಸಲಕರಣೆ ಹಗುರವಾಗಿರಲಿ. ಏಳು ಅಡಿಯ ಕೋಲು, ಸಣ್ಣ ರೀಲು, ಹತ್ತು ಪೌಂಡಿನ (ಅಂದರೆ ಅಷ್ಟು ಭಾರದ ಎಳೆತ ತಾಳುವ) ಹೆಣೆದ ದಾರ, ಅದರ ತುದಿಗೆ ಎರಡು ಅಡಿಯಷ್ಟು ಇಪ್ಪತ್ತು ಪೌಂಡಿನ ನೈಲಾನ್ ದಾರ. ಎರೆಗೆ ಜೀವಂತ ಸಿಗಡಿಯನ್ನು ಮೀರಿಸಿದ್ದಿಲ್ಲ. ಅದರ ತಲೆಯ ಮೇಲೆ ಚೂಪಾದ ಕೊಂಬಿದೆ, ಅದರ ಕೆಳಗೆ ಚಿಪ್ಪಿನೊಳಗೆ ಕಪ್ಪು ಚುಕ್ಕೆಯೊಂದು ಕಾಣುತ್ತದೆ. ಕೊಕ್ಕೆ ಆ ಚುಕ್ಕೆಗೆ ತಾಗದಂತೆ, ಕೊಂಬಿನ ಬುಡದಲ್ಲಿ ಅಡ್ಡಲಾಗಿ ದಾಟಿಸಿ. ಸಿಗಡಿ ಬಹಳ ಹೊತ್ತು ಒದ್ದಾಡುತ್ತಿರುತ್ತದೆ.

ಇನ್ನು ನಡಿಗೆ. ಕಾಲೆತ್ತಿ ಇಡಬೇಡಿ, ತಳಕ್ಕೆ ಉಜ್ಜುತ್ತಾ ಜಾರಿಸಿ. ಮರಳಿನಲ್ಲಿ ಹೂತು ಮಲಗಿದ ತೊರಕೆ ಮೀನು ಆ ಅದುರಿಗೆ ಎದ್ದುಹೋಗುತ್ತದೆ. ತುಳಿದರೆ ಬಾಲದ ಮುಳ್ಳು ಚುಚ್ಚುವುದು ಖಚಿತ ಎಂದೇ ಎಣಿಸಿ. ಚುಚ್ಚಿದರೆ ಚರ್ಮ ಸುಡದಷ್ಟು ಬಿಸಿಯಾದ ನೀರಿನಲ್ಲಿ ಕಾಲನ್ನು ಅದ್ದಿಟ್ಟು ವೈದ್ಯರ ಬಳಿ ಹೋಗಿ. ಆ ವಿಷದ ಪ್ರೋಟೀನುಗಳು ಬಿಸಿಗೆ ಕೆಡುವುದರಿಂದ ನೋವು ತಗ್ಗುತ್ತದೆ. ದಪ್ಪ ಅಡಿಯ ಶೂ ಇಲ್ಲದೆ ಇಳಿಯಲೇಬೇಡಿ. ನಿಮ್ಮ ಮೊಣಕಾಲಿನ ಮುಂದೆ ಅಲೆ ಏಳುತ್ತಿದ್ದರೆ ನೀವು ಅವಸರದಲ್ಲಿದ್ದೀರಿ ಎಂದರ್ಥ. ಹತ್ತು ಹೆಜ್ಜೆ ಇಟ್ಟು ಎರಡು ನಿಮಿಷ ನಿಲ್ಲಿ.

ನಿಂತಾಗಲೇ ನೀರು ಮಾತಾಡುವುದು. ಗಾಳಿ ಒಂದು ಕಡೆಗೆ ಬೀಸುತ್ತಿರುವಾಗ ಅಂಗೈಯಗಲದ ತೆರೆಗಳು ಅದಕ್ಕೆ ಅಡ್ಡವಾಗಿ ಸರಿದರೆ ಕೆಳಗೆ ಮೀನಿನ ಹಿಂಡು ಇದೆ. ಬಾಯಿ ಕೆಳಗಿಟ್ಟು ತಳ ಕೆದಕುವ ಮೀನಿನ ಬಾಲದ ತುದಿ ನೀರ ಮೇಲೆ ಎದ್ದು, ಒಂದು ಕ್ಷಣ ಹೊಳೆದು, ಮತ್ತೆ ಮುಳುಗುವುದನ್ನು ಒಮ್ಮೆ ಕಂಡವರು ಮನೆಯ ಕೆಲಸ ಮರೆಯುತ್ತಾರೆ. ಪೋಲರೈಸ್ಡ್ ಕನ್ನಡಕ ನೀರಿನ ಮೇಲಿನ ಬೆಳಕಿನ ಹೊಳಪನ್ನು ತಡೆಯುತ್ತದೆ. ಸೂರ್ಯ ಬೆನ್ನಿಗಿದ್ದರೆ ಕಾಣುವುದು ಚೆನ್ನಾಗಿ, ಆದರೆ ನಿಮ್ಮ ನೆರಳು ಮೀನಿನ ಮೇಲೆ ಬೀಳುತ್ತದೆ. ಓರೆಯಾಗಿ ನಿಲ್ಲುವುದೊಂದೇ ದಾರಿ.

ಗಾಳವನ್ನು ಮೀನಿನ ತಲೆಯ ಮೇಲೆ ಎಸೆಯಬೇಡಿ. ಮೀನು ಹೆಚ್ಚಾಗಿ ಹರಿವಿಗೆ ಎದುರು ಮುಖಮಾಡಿರುತ್ತದೆ, ಹಾಗಾಗಿ ಹರಿವಿನ ಮೇಲ್ಗಡೆ ಎಸೆದು ಎರೆ ತೇಲಿ ಬರಲು ಬಿಡಿ. ಎರೆ ಮೀನಿನ ಮೇಲೇರಿ ಹೋಗುವಂತೆ ಎಳೆದಿರೋ, ಅದು ಬೆದರಿ ಓಡುತ್ತದೆ. ಯಾವ ಸಿಗಡಿ ತಾನೇ ಬೇಟೆಗಾರನ ಮೇಲೆ ಬೀಳುತ್ತದೆ?

ಗುಡುಗು ಕೇಳಿಸಿದರೆ ಅಲ್ಲಿಗೆ ಮುಗಿಯಿತು, ದಡ ಸೇರಿ. ಕಾರ್ಬನ್ ಕೋಲು ವಿದ್ಯುತ್ ವಾಹಕ.

ಸಣ್ಣ ಮೀನನ್ನು ಬಿಡುವಾಗ ಕೈ ಒದ್ದೆ ಮಾಡಿಕೊಳ್ಳಿ, ನೀರಿನಿಂದ ಮೇಲೆತ್ತದೆ ಕೊಕ್ಕೆ ಬಿಡಿಸಿ. ಬಿಸಿ ನೀರಿನಲ್ಲಿ ಅದು ಬೇಗ ಸೋಲುತ್ತದೆ. ಮುಖ ಹರಿವಿಗೆ ಎದುರಾಗಿರುವಂತೆ ಹಿಡಿದಿರಿ. ತಾನಾಗಿ ಬಾಲ ಬಡಿದು ನಿಮ್ಮ ಕನ್ನಡಕಕ್ಕೆ ನೀರೆರಚಿ ಹೋಗಬೇಕು.

ಮನೆಗೆ ಬಂದ ಕೂಡಲೇ ರೀಲನ್ನು ಸಿಹಿನೀರಿನಲ್ಲಿ ತೊಳೆಯಿರಿ. ನಾಳೆ ತೊಳೆಯೋಣ ಎಂದು ಬಿಟ್ಟ ನನ್ನ ರೀಲೊಂದು ಈಗ ಮೇಜಿನ ಮೇಲೆ ಕಾಗದ ಹಾರದಂತೆ ಕಾಯುತ್ತಿದೆ.