ಮೀನು ಒರೆಸದೆ ಕಾವಲಿಗೆ ಹಾಕಬೇಡಿ

ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ನನ್ನ ಮೈದುನ ವಿಡಿಯೊ ಕಾಲ್ ಮಾಡಿದ. ಬಿಟಿಎಂ ಲೇಔಟ್‌ನಲ್ಲಿ ಒಬ್ಬನೇ ಇದ್ದಾನೆ. ಅಡುಗೆ ಕಲಿಯುವ ಹುಮ್ಮಸ್ಸು ಈಗಷ್ಟೇ ಶುರುವಾಗಿದೆ. "ಅತ್ತಿಗೆ, ಮೀನು ಫ್ರೈ ಮಾಡ್ದೆ, ನೋಡಿ" ಅಂತ ಫೋನನ್ನು ಬಾಣಲೆ ಮೇಲೆ ಹಿಡಿದ. ಕೆಂಪು ನೀರಿನಲ್ಲಿ ಬಿಳಿ ಚೂರುಗಳು ಕುದಿಯುತ್ತಿದ್ದವು.

"ಇದು ಫ್ರೈ ಅಲ್ಲ ಕಣೋ, ಉಪ್ಪಿಟ್ಟು" ಅಂದೆ.

ಅವನೊಬ್ಬನ ಕಥೆ ಅಲ್ಲ ಇದು. ನಮ್ಮ ಅಪಾರ್ಟ್‌ಮೆಂಟಿನಲ್ಲೇ ನಾಲ್ಕೈದು ಮನೆಯಲ್ಲಿ ಇದೇ ಉಪ್ಪಿಟ್ಟು ನೋಡಿದ್ದೇನೆ. ಬಂಗಡೆ, ಬೂತಾಯಿಯಲ್ಲಿ ಹೀಗಾಗುವುದು ಕಡಿಮೆ. ಅವುಗಳ ಮೈಯಲ್ಲೇ ಎಣ್ಣೆ ಇದೆ, ಎರಡು ನಿಮಿಷ ಜಾಸ್ತಿ ಬೆಂದರೂ ತಡೆದುಕೊಳ್ಳುತ್ತವೆ. ಬಿಳಿ ಮೀನು ಹಾಗಲ್ಲ. ಅದರ ಮಾಂಸದ ನಾರು ಗಿಡ್ಡ, ನಾರುಗಳನ್ನು ಹಿಡಿದಿಟ್ಟಿರುವ ಪೊರೆ ತೆಳು. ಸ್ವಲ್ಪ ಬಿಸಿ ತಾಗಿದರೆ ಸಾಕು, ಪೊರೆ ಕರಗಿ ಪದರ ಪದರವಾಗಿ ಬಿಡುತ್ತದೆ. ತಿನ್ನುವಾಗ ಬಾಯಿಗೆ ಹಿತ ಕೊಡುವುದೂ ಅದೇ, ಬಾಣಲೆಯಲ್ಲಿ ಪುಡಿಯಾಗುವುದಕ್ಕೆ ಕಾರಣವೂ ಅದೇ.

ಮೀನು ತರುವುದು

ಬಿಳಿ ಮೀನು ಅಂದರೆ ಇಲ್ಲಿ ಕಾಣೆ, ಪಾಂಪ್ಲೆಟ್ (ನಮ್ಮ ಕುಂದಾಪುರದ ಕಡೆ ಮಾಂಜಿ), ಕೊಡ್ಡಾಯಿ, ಮುರು, ಕೆರೆಯ ತಿಲಾಪಿಯಾ, ಮತ್ತೆ ಸೂಪರ್ ಮಾರ್ಕೆಟಿನ ಬಾಸಾ. ಇಡೀ ಮೀನಾದರೆ ಕಣ್ಣು ಉಬ್ಬಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಲ್ಲಿ ಒತ್ತಿದರೆ ಗುಳಿ ಉಳಿಯಬಾರದು. ಅಷ್ಟೇ.

ನಾನು ಇಂದಿಗೂ ಹೋಗುವುದು ಶಿವಾಜಿನಗರದ ರಸೆಲ್ ಮಾರ್ಕೆಟ್‌ಗೆ. 1927ರ ಕಟ್ಟಡ, ನೆಲ ಯಾವಾಗಲೂ ಒದ್ದೆ, ಹಳೆ ಚಪ್ಪಲಿ ಹಾಕಿಕೊಂಡು ಹೋಗಿ. ಕಟ್ ಮಾಡಿಸುವಾಗ "ಫ್ರೈಗೆ" ಅಂತ ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ಸಾರಿನ ತುಂಡು ಮಾಡಿ ಕೊಟ್ಟುಬಿಡುತ್ತಾರೆ.

ಜೂನ್, ಜುಲೈನಲ್ಲಿ ಮಾತ್ರ ಹುಷಾರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಅಂದರೆ ಜೂನ್ ಮೊದಲ ಎರಡು ವಾರ ಎರಡೂ ಕಡೆ ಬಂದ್. ಆ ದಿನಗಳಲ್ಲಿ "ಮಲ್ಪೆಯಿಂದ ಬೆಳಿಗ್ಗೆ ಬಂದಿದ್ದು ಮೇಡಂ" ಅಂತ ದೊಡ್ಡ ಪಾಂಪ್ಲೆಟ್ ತೋರಿಸಿದರೆ ಸುಮ್ನೆ ನಕ್ಕು ಮುಂದೆ ಹೋಗಿ, ತಿಲಾಪಿಯಾ ತಗೊಳ್ಳಿ.

ಬಾಸಾ ಬಗ್ಗೆ ಒಂದು ಮಾತು. ಅದು ವಿಯೆಟ್ನಾಂನ ಮೆಕಾಂಗ್ ನದಿಯ ಕಡೆ ಸಾಕುವ ಪಂಗಾಸಿಯಸ್ ಜಾತಿಯ ಮೀನು, ಈಗ ನಮ್ಮ ದೇಶದಲ್ಲೂ ಸಾಕುತ್ತಾರೆ. ಮುಳ್ಳಿಲ್ಲ, ಮಕ್ಕಳು ತಿನ್ನುತ್ತಾರೆ, ನಾನೂ ತರುತ್ತೇನೆ. ಆದರೆ ಹೆಪ್ಪುಗಟ್ಟಿದ ತುಂಡುಗಳ ಮೇಲೆ ಒಂದು ಪದರ ಮಂಜು ಹಿಡಿಸಿರುತ್ತಾರೆ, ಒಣಗದಿರಲಿ ಅಂತ. ಪದರ ತೆಳುವಾಗಿದ್ದರೆ ಸರಿ. ನಾನು ಒಮ್ಮೆ ತಂದ ಒಂದು ಕಿಲೋ ಪ್ಯಾಕೆಟ್ಟು, ಕರಗಿದ ಮೇಲೆ ತೂಗಿದರೆ 740 ಗ್ರಾಂ. ಉಳಿದದ್ದು ನೀರು, ಮೀನಿನ ರೇಟಿಗೆ! ಪ್ಯಾಕೆಟ್ ಹಿಂದೆ ಮಂಜು ಬಿಟ್ಟು ನಿವ್ವಳ ತೂಕ ಎಷ್ಟು ಅಂತ ಬರೆದಿದೆಯಾ ನೋಡಿ.

ಕರಗಿಸುವುದು ಹಿಂದಿನ ರಾತ್ರಿಯೇ, ಫ್ರಿಜ್‌ನ ಕೆಳಗಿನ ತಟ್ಟಿನಲ್ಲಿ. ಜರಡಿಯೊಳಗೆ ಮೀನು, ಜರಡಿ ಕೆಳಗೆ ಬಟ್ಟಲು. ಮೈಕ್ರೋವೇವ್‌ನಲ್ಲಿ ಕರಗಿಸಿದರೆ ಅಂಚು ಬೆಂದಿರುತ್ತದೆ, ನಡುವೆ ಕಲ್ಲಿನಂತೆ ಇರುತ್ತದೆ.

ಒರೆಸುವುದು

ಕೆಡುವುದೆಲ್ಲ ಕೆಡುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಮೀನು ತೊಳೆದು ನೀರು ಬಸಿಯಿರಿ. ಅರ್ಧ ಕಿಲೋಗೆ ಒಂದು ಟೀ ಚಮಚ ಪುಡಿ ಉಪ್ಪು, ಚಿಟಿಕೆ ಅರಿಶಿನ ಎರಡೂ ಬದಿಗೆ ಸವರಿ. ಇನ್ನೇನೂ ಬೇಡ. ತಟ್ಟೆಯನ್ನು ಸ್ವಲ್ಪ ಓರೆ ಮಾಡಿ ಹದಿನೈದು ನಿಮಿಷ ಇಡಿ. ಹಿಂತಿರುಗಿ ಬಂದಾಗ ತಟ್ಟೆಯ ತಗ್ಗಿನಲ್ಲಿ ಎರಡು ಮೂರು ಚಮಚ ಮಸುಕು ನೀರು ನಿಂತಿರುತ್ತದೆ. ಇದು ಬಾಣಲೆಯಲ್ಲಿ ಬಿಡಬೇಕಾಗಿದ್ದ ನೀರು, ತಟ್ಟೆಯಲ್ಲೇ ಬಿಟ್ಟಿತು. ಚೆಲ್ಲಿ. ಅಷ್ಟರಲ್ಲಿ ಮೀನು ಸ್ವಲ್ಪ ಬಿಗಿಯಾಗಿರುತ್ತದೆ, ಎತ್ತಿದರೆ ಜೋಲುವುದಿಲ್ಲ.

ಈಗ ಬಟ್ಟೆ. ಹಳೆ ಕಾಟನ್ ಪಂಚೆಯ ತುಂಡು ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಟಿಶ್ಯೂ ಪೇಪರ್ ಬೇಡ, ಅಂಟಿಕೊಂಡು ಎಳೆ ಎಳೆ ಉಳಿಯುತ್ತದೆ. ಬಟ್ಟೆಯನ್ನು ಮಡಚಿ, ಅದರ ಮೇಲೆ ಮೀನಿಟ್ಟು, ಮೇಲಿನಿಂದ ಇನ್ನೊಂದು ಮಡಿಕೆ ಹೊದಿಸಿ, ಅಂಗೈಯಲ್ಲಿ ಒತ್ತಿ. ತಿಕ್ಕಬೇಡಿ, ಒತ್ತಿ. ಮಗುಚಿ ಇನ್ನೊಮ್ಮೆ ಒತ್ತಿ. ಇಡೀ ಕಾಣೆ ಮೀನಾದರೆ ಹೊಟ್ಟೆಯೊಳಗೂ ಒರೆಸಬೇಕು, ನೀರು ಅಡಗಿಕೊಳ್ಳುವುದು ಅಲ್ಲೇ. ಬೆರಳಲ್ಲಿ ಮುಟ್ಟಿದರೆ ಮೀನು ಜಾರಬಾರದು, ಸ್ವಲ್ಪ ಅಂಟಂಟಾಗಿರಬೇಕು. ಅದೇ ಗುರುತು.

ಇಷ್ಟೆಲ್ಲ ಯಾಕೆ? ಮೀನಿನ ಮೈ ಮೇಲೆ ನೀರಿದ್ದಷ್ಟು ಹೊತ್ತು ಒಲೆಯ ಶಾಖವೆಲ್ಲ ಆ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಬಿಸಿ 100 ಡಿಗ್ರಿ ದಾಟುವುದಿಲ್ಲ. ಹೊಂಬಣ್ಣದ ಗರಿಗರಿ ಹೊರಮೈ ಬರುವುದಕ್ಕೆ ಸುಮಾರು 140 ಡಿಗ್ರಿ ಬೇಕು. ಹೊರಗೆ ಬಣ್ಣ ಬರುವ ಮೊದಲೇ ಒಳಗೆ ಬೆಂದು ಮುಗಿದಿರುತ್ತದೆ. ನೀವು ಇನ್ನೂ ಕಾಯುತ್ತೀರಿ, ಅದು ಪುಡಿಯಾಗುತ್ತದೆ.

ನಿಂಬೆ ರಸದ ವಿಷಯಕ್ಕೆ ಬರೋಣ. ಮೈದುನ ಎರಡು ನಿಂಬೆಹಣ್ಣು ಹಿಂಡಿ ರಾತ್ರಿಯೆಲ್ಲ ನೆನೆಸಿದ್ದ. ಕೋಳಿಗೆ ಮಾಡುತ್ತಾರಲ್ಲ, ಹಾಗೆ. ಹುಳಿ ಬಿದ್ದರೆ ಬಿಳಿ ಮೀನು ಒಲೆಗೆ ಹೋಗದೆಯೇ ಅರ್ಧ ಬೆಂದಂತಾಗುತ್ತದೆ. ಹತ್ತು ಹದಿನೈದು ನಿಮಿಷದಲ್ಲೇ ಹೊರಮೈ ಸುಣ್ಣದ ಹಾಗೆ ಬೆಳ್ಳಗಾಗುವುದನ್ನು ಕಣ್ಣಾರೆ ನೋಡಬಹುದು. ರಾತ್ರಿಯಿಡೀ ಬಿಟ್ಟರೆ ಹಿಟ್ಟು ಹಿಟ್ಟು. ನಿಂಬೆ ತಟ್ಟೆಗೆ ಬಂದ ಮೇಲೆ ಹಿಂಡಿ. ಮಸಾಲೆಗೆ ಹುಳಿ ಬೇಕೇ ಬೇಕು ಅಂದರೆ ಗಟ್ಟಿ ಹುಣಸೆ ರಸ, ಅರ್ಧ ಚಮಚ.

ಕಾವಲಿ ಮೇಲೆ

ಮಸಾಲೆ: ಎರಡು ಚಮಚ ಬ್ಯಾಡಗಿ ಮೆಣಸಿನ ಪುಡಿ, ಒಂದು ಚಮಚ ಅಕ್ಕಿ ಹಿಟ್ಟು, ಆ ಅರ್ಧ ಚಮಚ ಹುಣಸೆ, ಅರ್ಧ ಚಮಚ ಜಜ್ಜಿದ ಬೆಳ್ಳುಳ್ಳಿ, ಕಲಸಲು ಎಣ್ಣೆ. ನೀರಲ್ಲ, ಎಣ್ಣೆ. ಒರೆಸಿದ ಮೀನಿಗೆ ಮತ್ತೆ ನೀರು ಹಚ್ಚಿದರೆ ಪಂಚೆ ಒಗೆದಿದ್ದೇ ಲಾಭ. ಪದರ ತೆಳುವಾಗಿರಲಿ, ಮೀನಿನ ಬಣ್ಣ ಅಲ್ಲಲ್ಲಿ ಕಾಣಬೇಕು.

ರೆಡಿ ಫಿಶ್ ಫ್ರೈ ಮಸಾಲೆ ಪ್ಯಾಕೆಟ್ ನನ್ನ ಅಡುಗೆಮನೆಗೆ ಬರುವುದಿಲ್ಲ. ಅದರಲ್ಲಿ ಉಪ್ಪು ಮೊದಲೇ ಇರುತ್ತದೆ, ಮೇಲೆ ನೀವೂ ಹಾಕಿರುತ್ತೀರಿ. ಜೋಳದ ಹಿಟ್ಟು ಜಾಸ್ತಿ ಇದ್ದರೆ ತಳ ಹಿಡಿಯುತ್ತದೆ. ಮೀನು ಹೋಟೆಲಿನಲ್ಲಿ ಇದ್ದ ಹಾಗೆ ಕಡುಗೆಂಪು ಆಗಬೇಕು ಅಂತ ಬಣ್ಣ ಹಾಕುವವರೂ ಇದ್ದಾರೆ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಚಿಕನ್, ಮೀನಿನ ಕಬಾಬ್‌ಗಳಿಗೆ ಕೃತಕ ಬಣ್ಣ ಹಾಕುವುದನ್ನೇ ನಿಷೇಧಿಸಿತು. ಬ್ಯಾಡಗಿ ಇರುವಾಗ ಬಣ್ಣ ಯಾಕ್ರೀ ಬೇಕು?

ಕಬ್ಬಿಣದ ದೋಸೆ ಕಾವಲಿ ಇಡಿ. ನಾನ್‌ಸ್ಟಿಕ್ ಆದರೂ ನಡೆಯುತ್ತದೆ, ಆದರೆ ಆ ಗರಿ ಬರುವುದಿಲ್ಲ. ಮಧ್ಯಮ ಉರಿಯಲ್ಲಿ ಕಾಯಲಿ, ಆಮೇಲೆ ಎರಡು ಚಮಚ ಎಣ್ಣೆ. ಚಿಟಿಕೆ ರವೆ ಉದುರಿಸಿ ನೋಡಿ: ತಕ್ಷಣ ಚುರುಗುಟ್ಟಿದರೆ ಸರಿ. ಮೀನನ್ನು ರವೆಯಲ್ಲಿ ಹೊರಳಿಸುವುದು ಆಗ, ಮೊದಲೇ ಅಲ್ಲ. ಮೊದಲೇ ಹೊರಳಿಸಿಟ್ಟರೆ ರವೆ ನೆಂದು ಮುದ್ದೆಯಾಗುತ್ತದೆ. ರವೆ ಚಿರೋಟಿ ರವೆಯೇ ಆಗಬೇಕು. ಉಪ್ಪಿಟ್ಟಿನ ರವೆ ಹಲ್ಲಿಗೆ ಮರಳಿನ ಹಾಗೆ ಸಿಗುತ್ತದೆ.

ಒಂದು ಸಲಕ್ಕೆ ಮೂರು ತುಂಡು, ನಡುವೆ ಎರಡು ಬೆರಳು ಜಾಗ. ಇಟ್ಟ ಮೇಲೆ ಮುಟ್ಟಬೇಡಿ. ಸಟ್ಟುಗವನ್ನು ಕೈಯಿಂದ ಕೆಳಗಿಟ್ಟುಬಿಡಿ, ಕೈಯಲ್ಲಿದ್ದರೆ ಕೆದಕಬೇಕು ಅನ್ನಿಸುತ್ತದೆ. ಹಸಿ ಮೀನು ಲೋಹಕ್ಕೆ ಅಂಟಿಕೊಳ್ಳುತ್ತದೆ. ಅಡಿಯಲ್ಲಿ ಗರಿಯಾದ ಮೇಲೆ ತಾನಾಗಿ ಬಿಡುತ್ತದೆ, ದೋಸೆ ಬಿಡುವ ಹಾಗೆಯೇ. ಅಂಚಿಗೆ ಕಣ್ಣಿಟ್ಟು ಬದಿಯಿಂದ ನೋಡಿ: ಮಾಂಸ ಅರೆಪಾರದರ್ಶಕವಾಗಿದ್ದದ್ದು ಕೆಳಗಿನಿಂದ ಮೇಲಕ್ಕೆ ಬೆಳ್ಳಗಾಗುತ್ತ ಏರುತ್ತದೆ. ಮೂರರಲ್ಲಿ ಎರಡು ಪಾಲು ಏರಿದಾಗ ಮಗುಚಿ. ಬೆರಳು ದಪ್ಪದ ತುಂಡಿಗೆ ಇದಕ್ಕೆ ಸುಮಾರು ನಾಲ್ಕು ನಿಮಿಷ ಬೇಕು. ಇನ್ನೊಂದು ಬದಿಗೆ ಎರಡು ನಿಮಿಷ ಸಾಕು. ಮಗುಚುವುದು ಒಂದೇ ಸಲ. ಮುಚ್ಚಳ ಮುಚ್ಚುವ ಆಸೆ ಬಂದರೆ ಮುಚ್ಚಳವನ್ನು ಪಕ್ಕದ ಕೋಣೆಯಲ್ಲಿಟ್ಟು ಬನ್ನಿ.

ಏರ್ ಫ್ರೈಯರ್? ಆಗುತ್ತದೆ. 180 ಡಿಗ್ರಿ, ಎಂಟು ಹತ್ತು ನಿಮಿಷ. ಆದರೆ ಎಣ್ಣೆಯಿಲ್ಲದ ಬಿಳಿ ಮೀನಿಗೆ ಬಿಸಿಗಾಳಿ ಬೀಸಿದರೆ ರಸ್ಕ್ ತಿಂದ ಹಾಗಿರುತ್ತದೆ. ನನಗಂತೂ ಬೇಡ.

ಹಬೆಯಲ್ಲಿ

ಮನೆ ಓನರ್ ಕೆಳಗಿನ ಮಹಡಿಯಲ್ಲೇ ಇದ್ದು, ಗೇಟಿನ ಮೇಲೆ "ವೆಜಿಟೇರಿಯನ್ಸ್ ಓನ್ಲಿ" ಬೋರ್ಡು ಇನ್ನೂ ನೇತಾಡುತ್ತಿದ್ದರೆ ಇದೇ ದಾರಿ. ವಾಸನೆ ಅತಿ ಕಡಿಮೆ. ಒಗ್ಗರಣೆಯ ಘಮ ಮಾತ್ರ ಹೊರಗೆ ಹೋಗುತ್ತದೆ.

ಪಾಂಪ್ಲೆಟ್ ಅಥವಾ ಮುರು ಒಳ್ಳೆಯದು. ಉಪ್ಪು ಹಚ್ಚಿ ಒರೆಸುವುದು ಇಲ್ಲೂ ಅಷ್ಟೇ. ತಟ್ಟೆಯಲ್ಲಿ ಶುಂಠಿ ಸೀಳು ಹಾಸಿ ಮೀನಿಡಿ. ಇಡ್ಲಿ ಪಾತ್ರೆಯ ನೀರು ಚೆನ್ನಾಗಿ ಕುದಿಯತೊಡಗಿದ ಮೇಲೆಯೇ ತಟ್ಟೆ ಒಳಗೆ ಹೋಗಬೇಕು. ಇನ್ನೊಂದು ವಿಷಯ: ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಊರಲ್ಲಿ ಅಮ್ಮ ಎಂಟು ನಿಮಿಷ ಅಂದಿದ್ದರೆ ಇಲ್ಲಿ ಒಂದು ನಿಮಿಷ ಸೇರಿಸಿಕೊಳ್ಳಿ. ದಪ್ಪ ಇರುವ ಕಡೆ ಫೋರ್ಕ್ ಚುಚ್ಚಿ ಮೆಲ್ಲಗೆ ತಿರುಗಿಸಿ. ಪದರ ಬಿಟ್ಟರೆ ಆಯ್ತು. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ, ಹಸಿಮೆಣಸು, ಕೊತ್ತಂಬರಿ ಹರಡಿ, ಮೇಲಿನಿಂದ ಕಾದ ಎಣ್ಣೆ ಒಂದು ಸೌಟು.

ಬಾಳೆ ಎಲೆಯಲ್ಲಿ ಬೇಕಾದರೆ ಎಲೆಯನ್ನು ಉರಿಯ ಮೇಲೆ ಬಾಡಿಸಿ, ಮೇಲಿನ ಮಸಾಲೆಗೆ ಬಾಡಿಸಿದ ಈರುಳ್ಳಿ ಸೇರಿಸಿ, ಕಟ್ಟಿ, ಸಣ್ಣ ಉರಿಯ ಕಾವಲಿಯಲ್ಲಿ ಬದಿಗೆ ಐದೈದು ನಿಮಿಷ. ಎಲೆ ಕಾಪಾಡುತ್ತದೆ, ಕೆಡಿಸುವುದು ಕಷ್ಟ.

ಕಾಯಿಹಾಲಿನಲ್ಲಿ

ಇದು ಕೊಡ್ಡಾಯಿಗೆ. ಈರುಳ್ಳಿ, ಶುಂಠಿ, ಹಸಿಮೆಣಸು, ಕರಿಬೇವು ಬಾಡಿಸಿ ತೆಳು ಹಾಲು ಹಾಕಿ ಕುದಿಸಿ. ಎರಡು ಎಸಳು ಮುರುಗಲ, ಉಪ್ಪು. ಮೀನು ಬಿಟ್ಟು ಆರೇಳು ನಿಮಿಷ ಸಣ್ಣ ಉರಿ. ಸೌಟು ಹಾಕಬೇಡಿ, ಪಾತ್ರೆಯ ಕಿವಿ ಹಿಡಿದು ಒಂದು ಸುತ್ತು ತಿರುಗಿಸಿ. ಗಟ್ಟಿ ಹಾಲು ಕೊನೆಗೆ, ಹಾಕಿದ ಮೇಲೆ ಕುದಿಸಿದರೆ ಒಡೆಯುತ್ತದೆ. ಬಾಸಾವನ್ನು ದಯವಿಟ್ಟು ಇದಕ್ಕೆ ಹಾಕಬೇಡಿ, ಹುಡುಕಿದರೂ ಸಿಗುವುದಿಲ್ಲ.

ಇಷ್ಟಾದರೂ ಪುಡಿಯಾದರೆ

ಎಸೆಯಬೇಡಿ. ಅವತ್ತು ಫೋನಿನಲ್ಲೇ ಮೈದುನನಿಗೆ ಮಾಡಿಸಿದ್ದು ಇದು. ಬಾಣಲೆಯ ನೀರು ಬಸಿದು ಚೂರುಗಳನ್ನು ತಟ್ಟೆಗೆ ತೆಗೆಸಿದೆ. ಅದೇ ಬಾಣಲೆಗೆ ಎಣ್ಣೆ, ಸಾಸಿವೆ, ಕರಿಬೇವು, ಎರಡು ಈರುಳ್ಳಿ ಸಣ್ಣಗೆ ಹೆಚ್ಚಿದ್ದು, ಮೂರು ಹಸಿಮೆಣಸು. ಈರುಳ್ಳಿ ಕೆಂಪಾದ ಮೇಲೆ ಚೂರುಗಳನ್ನು ಹಾಕಿ ಜೋರು ಉರಿಯಲ್ಲಿ ಎರಡೇ ನಿಮಿಷ, ಕೊನೆಗೆ ಒಂದು ಹಿಡಿ ಕಾಯಿತುರಿ. ಚಪಾತಿಯಲ್ಲಿ ಸುತ್ತಿಕೊಂಡು ತಿಂದು, ಸಂಜೆ ಮೆಸೇಜ್ ಮಾಡಿದ್ದ: "ಸೂಪರ್ ಅತ್ತಿಗೆ, ಆದ್ರೆ ಉಪ್ಪು ಜಾಸ್ತಿ."

ಪ್ಯಾಕೆಟ್ ಮಸಾಲೆ ಅಲ್ವಾ.