ಫೆಡರಲ್ ವಿಚಾರಣಾ ನ್ಯಾಯಾಧೀಶರ ಬದುಕನ್ನು ದಾಖಲೆಗಳಿಂದ ಕಟ್ಟಿಕೊಡುವ ಬಗೆ

ಅಮೆರಿಕದ ಫೆಡರಲ್ ಜಿಲ್ಲಾ ನ್ಯಾಯಾಲಯಗಳಲ್ಲಿ ಸಾಮಾನ್ಯವಾಗಿ ಒಬ್ಬರೇ ನ್ಯಾಯಾಧೀಶರು ಪೀಠದಲ್ಲಿ ಕುಳಿತು ಸಾಕ್ಷ್ಯ ಆಲಿಸುತ್ತಾರೆ, ಜ್ಯೂರಿಗೆ ಕಾನೂನನ್ನು ವಿವರಿಸುತ್ತಾರೆ, ಶಿಕ್ಷೆಯ ಪ್ರಮಾಣವನ್ನು ನಿರ್ಧರಿಸುತ್ತಾರೆ. ಈ ಕೆಲಸದ ಬಹುಪಾಲು ಪ್ರಕಟಿತ ತೀರ್ಪುಗಳಲ್ಲಿ ಕಾಣಿಸುವುದಿಲ್ಲ. ಆದ್ದರಿಂದ ಇಂಥವರ ಜೀವನಚರಿತ್ರೆಯನ್ನು ಬರೆಯಹೊರಟವರು ಹೆಸರಾದ ನಾಲ್ಕು ತೀರ್ಪುಗಳನ್ನು ಪೋಣಿಸಿ ತೃಪ್ತರಾಗಬಾರದು. ಅಮೆರಿಕದ ಮೊದಲ ಕಪ್ಪು ಮಹಿಳಾ ಫೆಡರಲ್ ನ್ಯಾಯಾಧೀಶೆ ಕಾನ್‌ಸ್ಟನ್ಸ್ ಬೇಕರ್ ಮೋಟ್ಲಿಯವರನ್ನು ಉದಾಹರಣೆಯಾಗಿಟ್ಟುಕೊಂಡು ಕ್ರಮವನ್ನು ನೋಡೋಣ.

ಮೊದಲು ಅಮೆರಿಕದ ಫೆಡರಲ್ ನ್ಯಾಯಾಂಗದ ಸಂಶೋಧನಾ ಸಂಸ್ಥೆಯಾದ ಫೆಡರಲ್ ಜುಡಿಷಿಯಲ್ ಸೆಂಟರ್‌ನ ನ್ಯಾಯಾಧೀಶರ ಪರಿಚಯ ಕೋಶದಿಂದ ದಿನಾಂಕಗಳನ್ನು ಬರೆದುಕೊಳ್ಳಿ. ನಾಮನಿರ್ದೇಶನಕ್ಕೂ ಸೆನೆಟ್ಟಿನ ಅನುಮೋದನೆಗೂ ನಡುವಿನ ಅಂತರವನ್ನು ತಪ್ಪದೆ ಗಮನಿಸಿ. ಅಧ್ಯಕ್ಷ ಲಿಂಡನ್ ಜಾನ್ಸನ್ ಮೋಟ್ಲಿಯವರನ್ನು ನ್ಯೂಯಾರ್ಕಿನ ದಕ್ಷಿಣ ಜಿಲ್ಲೆಯ ಫೆಡರಲ್ ನ್ಯಾಯಾಲಯಕ್ಕೆ 1966ರ ಜನವರಿಯಲ್ಲಿ ನಾಮನಿರ್ದೇಶನ ಮಾಡಿದರೂ ಅನುಮೋದನೆ ದೊರೆತದ್ದು ಆಗಸ್ಟ್ ಕೊನೆಯಲ್ಲಿ. ಸೆನೆಟ್ಟಿನ ನ್ಯಾಯಾಂಗ ಸಮಿತಿಯ ಅಧ್ಯಕ್ಷರಾಗಿದ್ದ, ಮಿಸಿಸಿಪ್ಪಿಯ ಸೆನೆಟರ್ ಜೇಮ್ಸ್ ಈಸ್ಟ್‌ಲ್ಯಾಂಡ್ ಅದನ್ನು ತಡೆಹಿಡಿದಿದ್ದರು. ಅವರದೇ ರಾಜ್ಯದ, ಬಿಳಿಯರಿಗಷ್ಟೇ ಮೀಸಲಾಗಿದ್ದ ವಿಶ್ವವಿದ್ಯಾಲಯಕ್ಕೆ ಕಪ್ಪು ವಿದ್ಯಾರ್ಥಿ ಜೇಮ್ಸ್ ಮೆರೆಡಿತ್ 1962ರಲ್ಲಿ ಪ್ರವೇಶ ಪಡೆಯುವಂತೆ ವಾದಿಸಿ ಗೆದ್ದ ವಕೀಲೆ ಇದೇ ಮೋಟ್ಲಿ ಎಂಬುದನ್ನು ಪಕ್ಕದಲ್ಲಿಟ್ಟಾಗ ಆ ತಿಂಗಳುಗಳಿಗೆ ಅರ್ಥ ಬರುತ್ತದೆ.

ಫೆಡರಲ್ ನ್ಯಾಯಾಧೀಶರಿಗೆ ಸಂವಿಧಾನವು ವಯಸ್ಸನ್ನಾಗಲಿ ಕಾನೂನು ಪದವಿಯನ್ನಾಗಲಿ ಅರ್ಹತೆಯಾಗಿ ವಿಧಿಸಿಲ್ಲ. ಹೀಗಾಗಿ ಪೀಠವೇರುವ ಮುಂಚಿನ ಬದುಕಿಗೆ ಧಾರಾಳವಾಗಿ ಪುಟಗಳನ್ನು ಕೊಡಿ. ಮೋಟ್ಲಿ ಸುಪ್ರೀಂ ಕೋರ್ಟಿನಲ್ಲಿ 10 ಪ್ರಕರಣಗಳನ್ನು ವಾದಿಸಿ 9ರಲ್ಲಿ ಗೆದ್ದಿದ್ದರು.

ಆಮೇಲಿನದು ನಿಜವಾದ ಶ್ರಮದ ಭಾಗ, ಪ್ರಕರಣಗಳ ಕಡತ. ಈಚಿನವು ಪೇಸರ್ ಎಂಬ ಸರ್ಕಾರಿ ಜಾಲವ್ಯವಸ್ಥೆಯಲ್ಲಿ ಪುಟಕ್ಕೆ 10 ಸೆಂಟ್ ಶುಲ್ಕಕ್ಕೆ ಸಿಗುತ್ತವೆ; ಹಳೆಯವುಗಳಿಗಾಗಿ ರಾಷ್ಟ್ರೀಯ ಪತ್ರಾಗಾರವನ್ನು ಸಂಪರ್ಕಿಸಬೇಕು. ತೀರ್ಪಿಗೆ ನೇರವಾಗಿ ಹಾರದೆ, ಪ್ರತಿ ಅರ್ಜಿ ಯಾವಾಗ ಬಂತು, ಆದೇಶಕ್ಕೆ ಎಷ್ಟು ದಿನ ಹಿಡಿಯಿತು, ವಿಚಾರಣೆಗೆ ಮೊದಲೇ ರಾಜಿಯಾಯಿತೇ ಎಂದು ದಿನಚರಿ ಪಟ್ಟಿಯನ್ನು ಸಾಲುಸಾಲಾಗಿ ಓದಿ. ನ್ಯಾಯಾಧೀಶರ ತಾಳ್ಮೆ, ಕಟ್ಟುನಿಟ್ಟು, ಹಿಂಜರಿಕೆಗಳ ಸುಳಿವು ಅಲ್ಲಿರುತ್ತದೆ. ಆದರೆ ಪ್ರಕರಣಗಳು ಸಾಮಾನ್ಯವಾಗಿ ಚೀಟಿ ಎತ್ತಿದಂತೆ ಹಂಚಿಕೆಯಾಗುತ್ತವೆ. ಆದ್ದರಿಂದ ಮೇಜಿಗೆ ಬಂದ ವಿಷಯವನ್ನೇ ಅವರ ಆಸಕ್ತಿಯೆಂದು ಭಾವಿಸುವುದು ದೊಡ್ಡ ತಪ್ಪು. ಯಾಂಕೀಸ್ ಬೇಸ್‌ಬಾಲ್ ತಂಡದ ಉಡುಪು ಕೋಣೆಗೆ ಮಹಿಳಾ ಕ್ರೀಡಾ ವರದಿಗಾರರಿಗೂ ಪ್ರವೇಶ ದೊರಕಿಸಿದ ಮೋಟ್ಲಿಯವರ 1978ರ ತೀರ್ಪನ್ನು ಓದುವಾಗಲೂ ಈ ಎಚ್ಚರ ಬೇಕು.

ಪ್ರಕರಣದಿಂದ ಹಿಂದೆ ಸರಿಯುವಂತೆ ಕೋರಿದ ಅರ್ಜಿಗಳನ್ನು ಪ್ರತ್ಯೇಕವಾಗಿ ಹುಡುಕಿ ಓದಿ, ಏಕೆಂದರೆ ನ್ಯಾಯಾಧೀಶರು ತಮ್ಮ ಬಗ್ಗೆ ತಾವೇ ಬರೆಯಬೇಕಾಗಿ ಬರುವ ಅಪರೂಪದ ಸಂದರ್ಭ ಅದು. 1975ರಲ್ಲಿ ಲಿಂಗ ತಾರತಮ್ಯದ ಮೊಕದ್ದಮೆಯೊಂದರಿಂದ ಮೋಟ್ಲಿ ಸರಿಯಬೇಕೆಂದು ಪ್ರತಿವಾದಿ ಕಾನೂನು ಸಂಸ್ಥೆ ಕೇಳಿತು. ಪ್ರತಿ ನ್ಯಾಯಾಧೀಶರಿಗೂ ಒಂದು ಲಿಂಗ, ಒಂದು ಜನಾಂಗ ಇದ್ದೇ ಇರುವುದರಿಂದ ಅದೇ ಕಾರಣವಾದರೆ ಆ ನ್ಯಾಯಾಲಯದ ಯಾರೂ ಪ್ರಕರಣವನ್ನು ಕೇಳಲಾಗದು ಎಂಬ ನೆಲೆಯಲ್ಲಿ ಅವರು ನಿರಾಕರಿಸಿದರು. ನನ್ನ ಮಟ್ಟಿಗೆ ಅವರ ಬದುಕಿನ ಅತ್ಯಂತ ಬೆಲೆಯುಳ್ಳ ದಾಖಲೆ ಇದೇ.

ಮೇಲ್ಮನವಿಯಲ್ಲಿ ರದ್ದಾದ ತೀರ್ಪುಗಳನ್ನು ಬರಿದೆ ಎಣಿಸಬೇಡಿ. ಮೇಲಿನ ನ್ಯಾಯಾಲಯವು ಕಾನೂನಿನ ಪ್ರಶ್ನೆಯನ್ನು ಹೊಸದಾಗಿ ಪರಿಶೀಲಿಸುತ್ತದೆ. ವಾಸ್ತವಾಂಶಗಳ ನಿರ್ಣಯವನ್ನಾದರೋ ಎದ್ದುಕಾಣುವ ತಪ್ಪಿಲ್ಲದಿದ್ದರೆ ಮುಟ್ಟುವುದಿಲ್ಲ. ಯಾವ ಕಾರಣಕ್ಕೆ ರದ್ದಾಯಿತು ಎಂಬುದನ್ನೇ ಬರೆಯಿರಿ.

ಕೊನೆಯದಾಗಿ, 65 ವರ್ಷ ವಯಸ್ಸು ಮತ್ತು 15 ವರ್ಷಗಳ ಸೇವೆಯ ಬಳಿಕ ಪಡೆಯಬಹುದಾದ, ಕಡಿಮೆ ಹೊರೆಯೊಂದಿಗೆ ಪ್ರಕರಣಗಳನ್ನು ಕೇಳುತ್ತಲೇ ಇರಬಹುದಾದ ಸೀನಿಯರ್ ಸ್ಥಾನವನ್ನು ನಿವೃತ್ತಿಯೆಂದು ತಿಳಿಯಬೇಡಿ. ಮೋಟ್ಲಿ 1986ರಲ್ಲಿ ಆ ಸ್ಥಾನಕ್ಕೆ ಬಂದರು, 2005ರಲ್ಲಿ ತೀರಿಕೊಳ್ಳುವವರೆಗೂ ಅದರಲ್ಲೇ ಇದ್ದರು. ಕಡತ ಹುಡುಕುವಾಗ ಆ 19 ವರ್ಷಗಳನ್ನೂ ಸೇರಿಸಿಕೊಳ್ಳಿ.