ದರ್ಬಾರಿನ ಹೆಂಗಸರ ಕಾದಂಬರಿಯನ್ನು ನಾನು ಓದುವ ಬಗೆ

ವಿಮರ್ಶೆಗೆಂದು ಈಚೆಗೆ ನನ್ನ ಕೈಸೇರಿದ ಕಾದಂಬರಿ 1529ರ ಬೇಸಿಗೆಯಲ್ಲಿ, ಇಂದಿನ ಉತ್ತರ ಫ್ರಾನ್ಸಿನ ಕಾಂಬ್ರೇ ನಗರದಲ್ಲಿ ನಡೆಯುತ್ತದೆ. ಫ್ರಾನ್ಸಿನ ದೊರೆ ಮೊದಲನೆಯ ಫ್ರಾನ್ಸಿಸ್‌ನ ತಾಯಿ ಲೂಯೀಸ್ ಒಂದು ಕಡೆ, ಸ್ಪೇನಿನ ದೊರೆಯೂ ಆಗಿದ್ದ ಪವಿತ್ರ ರೋಮನ್ ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ಸೋದರತ್ತೆ ಮಾರ್ಗರೆಟ್ ಇನ್ನೊಂದು ಕಡೆ. ಗಂಡಸರು ವರ್ಷಗಟ್ಟಲೆ ಕಾದಾಡಿ ಕೈಚೆಲ್ಲಿದ್ದ ಜಗಳವನ್ನು ಈ ಇಬ್ಬರು ಎದುರುಬದುರು ಕೂತು ಮುಗಿಸಿದರು. ಯುರೋಪಿನ ಇತಿಹಾಸ ಅದನ್ನು ‘ಹೆಂಗಸರ ಶಾಂತಿ’ ಎಂದೇ ಕರೆಯುತ್ತದೆ.

ಇಂಥ ಕಾದಂಬರಿ ಬಂದಾಗ ನಾನು ಬೆನ್ನುಡಿಯನ್ನು ಓದುವುದಿಲ್ಲ. ಮೊದಲು ಒಂದು ಹಾಳೆಯಲ್ಲಿ ವಂಶವೃಕ್ಷ ಬರೆದುಕೊಳ್ಳುತ್ತೇನೆ. ಅರಮನೆಯಲ್ಲಿ ನಂಟಸ್ತಿಕೆಯೇ ಅಧಿಕಾರ. ಯಾರು ಯಾರಿಗೆ ಏನಾಗಬೇಕು ಎಂಬುದು ತಿಳಿಯದಿದ್ದರೆ ಅರ್ಧ ಕಥೆ ಕೈತಪ್ಪುತ್ತದೆ. ಈ ಸಲ ಹಾಳೆ ತುಂಬಿದಂತೆ ನನ್ನ ಕುತೂಹಲವೂ ಏರಿತು. ಲೂಯೀಸಳ ತಮ್ಮ ಸವಾಯ್‌ನ ಫಿಲಿಬರ್ಟ್; ಅವನ ವಿಧವೆಯೇ ಮಾರ್ಗರೆಟ್. ಅಷ್ಟೇ ಅಲ್ಲ, ಇಬ್ಬರೂ ಎಳವೆಯಲ್ಲಿ ಫ್ರಾನ್ಸಿನ ಆನ್ ಎಂಬಾಕೆಯ ಆಸರೆಯಲ್ಲಿ ಬೆಳೆದವರು. ತಮ್ಮ ಚಿಕ್ಕವನಿದ್ದಾಗ ರಾಜ್ಯವನ್ನು ತಾನೇ ನಡೆಸಿದ ಹೆಣ್ಣುಮಗಳು ಆ ಆನ್. ಅಂದರೆ ಕಾಂಬ್ರೇಯಲ್ಲಿ ಎದುರಾದವರು ಒಂದೇ ಗರಡಿಯಲ್ಲಿ ಪಳಗಿದವರು.

ಆಮೇಲೆ ಪುಟ ತಿರುವುತ್ತಾ ನಾನು ಹುಡುಕುವುದು ಕಾಗದಪತ್ರಗಳನ್ನು. ಓಲೆ ಒಡೆಯುವವರು ಯಾರು, ಮುದ್ರೆ ಯಾರ ವಶದಲ್ಲಿದೆ, ಸೈನಿಕರ ಸಂಬಳಕ್ಕೆ ಹಣ ಎಲ್ಲಿಂದ ಬರುತ್ತದೆ? ಇವುಗಳಿಗೆ ಉತ್ತರವಿಲ್ಲದೆ ರೇಷ್ಮೆ ಉಡುಪು, ವಿಷದ ಬಟ್ಟಲು, ಪರದೆಯ ಹಿಂದಿನ ಪಿಸುಮಾತುಗಳಲ್ಲೇ ಕಾಲ ಕಳೆಯುವ ಕಾದಂಬರಿಗಳು ನನಗೆ ಬೇಸರ ತರಿಸುತ್ತವೆ. ಹೆಣ್ಣಿನ ಅಧಿಕಾರವೆಂದರೆ ಬರೀ ಒಳಸಂಚು ಎಂಬ ಹಳೆಯ ಸುಳ್ಳನ್ನೇ ಅವು ಸಿಂಗರಿಸಿ ತೋರಿಸುತ್ತವೆ.

ಈ ಕಾದಂಬರಿ ಹಾಗಿಲ್ಲ. 1525ರ ಫೆಬ್ರವರಿಯಲ್ಲಿ ಇಟಲಿಯ ಪಾವಿಯಾದ ಕದನದಲ್ಲಿ ಫ್ರಾನ್ಸಿಸ್ ಚಕ್ರವರ್ತಿಯ ಸೇನೆಗೆ ಸೆರೆಸಿಕ್ಕ ಸುದ್ದಿ ಬರುವ ಅಧ್ಯಾಯವನ್ನು ನಾನು ಮತ್ತೆ ಮತ್ತೆ ಓದಿದೆ. ಲೂಯೀಸ್ ಅಳುವುದು ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಉಳಿದ ಪುಟಗಳ ತುಂಬ ಕೆಲಸವೇ. ರಾಜಪ್ರತಿನಿಧಿಯಾಗಿ ಗಡಿಗಳನ್ನು ಭದ್ರಪಡಿಸುತ್ತಾಳೆ, ಇಂಗ್ಲೆಂಡಿನ ಎಂಟನೆಯ ಹೆನ್ರಿಯೊಂದಿಗೆ ಸಂಧಿ ಕುದುರಿಸುತ್ತಾಳೆ, ಆಟೊಮನ್ ಸುಲ್ತಾನ ಸುಲೈಮಾನನ ಬಳಿಗೆ ದೂತರನ್ನು ಅಟ್ಟುತ್ತಾಳೆ. ಕ್ರೈಸ್ತ ರಾಜ್ಯದ ರಾಜಮಾತೆ ಸುಲ್ತಾನನ ನೆರವು ಬೇಡುವುದೆಂದರೆ ಆ ಕಾಲಕ್ಕೆ ಎಂಥ ಎದೆಗಾರಿಕೆ! ಇದು ಕಟ್ಟುಕಥೆಯಲ್ಲ, ನಡೆದ ಸಂಗತಿ.

ಮಾರ್ಗರೆಟಳ ಚಿತ್ರಣದ ಬಗ್ಗೆ ನನಗೆ ತಕರಾರಿದೆ. ಸತ್ತ ಗಂಡನಿಗಾಗಿ ಆಕೆ ಕೊರಗುವುದನ್ನು ಲೇಖಕಿ ಬಹಳ ಎಳೆದಿದ್ದಾರೆ. ಮೂರನೆಯ ವಯಸ್ಸಿನಲ್ಲಿ ಫ್ರಾನ್ಸಿನ ಎಂಟನೆಯ ಚಾರ್ಲ್ಸ್‌ಗೆ ನಿಶ್ಚಯವಾಗಿ, ಬೆಳೆದ ಮೇಲೆ ತಿರಸ್ಕೃತಳಾಗಿ, ಮುಂದೆ ಇಬ್ಬರು ಗಂಡಂದಿರನ್ನು ಕಳೆದುಕೊಂಡವಳು ಆಕೆ, ನಿಜ. ಆದರೆ 1504ರಲ್ಲಿ ಫಿಲಿಬರ್ಟ್ ತೀರಿಕೊಂಡ ನಂತರ ಬಂದ ಸಂಬಂಧಗಳನ್ನೆಲ್ಲ ತಳ್ಳಿಹಾಕಿದವಳೂ ಅವಳೇ. ಮರುಮದುವೆ ಒಲ್ಲೆನೆಂದದ್ದರಿಂದಲೇ 1507ರಿಂದ ಇಂದಿನ ಬೆಲ್ಜಿಯಂನ ಮೆಖೆಲೆನ್ ನಗರದಲ್ಲಿ ಕೂತು ನೆದರ್‌ಲೆಂಡ್ಸ್ ಆಳಲು ಸಾಧ್ಯವಾಯಿತು. ವಿಧವೆಯ ಆ ಕಪ್ಪು ಬಟ್ಟೆಯಲ್ಲಿ ದುಃಖದಷ್ಟೇ ಸ್ವಾತಂತ್ರ್ಯವೂ ಇತ್ತು. ಕಾದಂಬರಿಗೆ ಅದು ಕಾಣಲಿಲ್ಲ.

ಸಂಧಾನದ ಭಾಗಕ್ಕೆ ಬಂದರೆ ಮಾತ್ರ ಲೇಖಕಿ ಗೆದ್ದಿದ್ದಾರೆ. ಇಬ್ಬರೂ ಬೀದಿಗೆ ಇಳಿಯದೆ ಹೋಗಿಬರಲು ಅವರು ತಂಗಿದ್ದ ಎರಡು ಬಿಡಾರಗಳ ನಡುವೆ ಮುಚ್ಚಿದ ದಾರಿಯಿತ್ತು. ಎಷ್ಟೋ ಪುಟಗಳು ಆ ದಾರಿಯಲ್ಲೇ ಸಾಗುತ್ತವೆ: ದೀಪ ಹಿಡಿದ ಸೇವಕಿ, ಸಂಧಿವಾತದಿಂದ ನಿಧಾನವಾಗಿ ನಡೆಯುವ ಲೂಯೀಸ್, ಅವಳ ಹೆಜ್ಜೆಯ ಸದ್ದು ಕೇಳಿ ಕಾಗದಗಳನ್ನು ಬೋರಲು ಹಾಕುವ ಮಾರ್ಗರೆಟ್. ದೊರೆಗಳು ಸೋಲೊಪ್ಪಿದರೆ ಮಾನ ಹೋಗುತ್ತದೆ, ಹೆಂಗಸರು ಮೊದಲು ಬಾಗಿದರೆ ಹಾಗಾಗದು ಎಂಬ ಮಾರ್ಗರೆಟಳ ವಾದ ಅವಳ ಪತ್ರದಲ್ಲೇ ಇದೆ. ತಮಗೆ ಹೊರಿಸಿದ್ದ ದೌರ್ಬಲ್ಯದ ಹಣೆಪಟ್ಟಿಯನ್ನೇ ಅವರು ಅಸ್ತ್ರ ಮಾಡಿಕೊಂಡರು.

ಒಪ್ಪಂದದ ಬೆಲೆ ಇಪ್ಪತ್ತು ಲಕ್ಷ ಚಿನ್ನದ ನಾಣ್ಯ. 1526ರಲ್ಲಿ ತಂದೆಯ ಬದಲಿಗೆ ಒತ್ತೆಯಾಳುಗಳಾಗಿ ಸ್ಪೇನಿಗೆ ಹೋದ ಎಂಟು ಮತ್ತು ಆರು ವರ್ಷದ ಲೂಯೀಸಳ ಮೊಮ್ಮಕ್ಕಳು ಮರಳಿ ಬರಬೇಕಿತ್ತು. ಸ್ಪೇನಿನವರು ನಾಣ್ಯಗಳನ್ನು ಎಣಿಸಿ, ಪರೀಕ್ಷಿಸಿದ ಮೇಲೆಯೇ 1530ರ ಜುಲೈನಲ್ಲಿ ಗಡಿಯ ಬಿದಸೋವಾ ನದಿಯಲ್ಲಿ ಹುಡುಗರನ್ನು ಒಪ್ಪಿಸಿದರು. ಕಾದಂಬರಿ ಈ ಬಿಡುಗಡೆಯ ಸಂಭ್ರಮದಲ್ಲೇ ಮುಗಿಯುತ್ತದೆ. ಅದೇ ಒಪ್ಪಂದದಲ್ಲಿ ಫ್ರಾನ್ಸ್ ತನ್ನ ಮಿತ್ರರಾದ ವೆನಿಸ್, ಫ್ಲಾರೆನ್ಸ್‌ಗಳನ್ನು ನಡುನೀರಿನಲ್ಲಿ ಕೈಬಿಟ್ಟಿತು. ಆ ನಿಷ್ಠುರ ಲೆಕ್ಕಾಚಾರದಲ್ಲೂ ಲೂಯೀಸಳ ಪಾಲಿತ್ತು. ಅಧಿಕಾರಸ್ಥ ಹೆಣ್ಣನ್ನು ಬರೆಯುವವರು ಅವಳ ಕಾಠಿಣ್ಯವನ್ನೂ ಬರೆಯಬೇಕೆಂದು ವಿಮರ್ಶೆಯಲ್ಲಿ ಒತ್ತಿ ಹೇಳಿದ್ದೇನೆ. ಜೊತೆಗೆ ಒಂದು ಕೋರಿಕೆಯನ್ನೂ ಸೇರಿಸಿದ್ದೇನೆ: 1525ರಲ್ಲಿ ಸೆರೆಯಲ್ಲಿದ್ದ ತಮ್ಮನ ಬಿಡುಗಡೆಗಾಗಿ ಸ್ಪೇನಿನವರೆಗೆ ಪಯಣಿಸಿ ಚಕ್ರವರ್ತಿಯೊಂದಿಗೆ ಚೌಕಾಸಿ ಮಾಡಿದ ಲೂಯೀಸಳ ಮಗಳು ಮಾರ್ಗರೀಟ್ ಇಲ್ಲಿ ಸುಳಿದು ಮಾಯವಾಗುತ್ತಾಳೆ, ಲೇಖಕಿಯ ಮುಂದಿನ ಪುಸ್ತಕ ಅವಳದ್ದಾಗಲಿ.